ಯಾರನ್ನೂ ತೆಗೆದಿಲ್ಲ, ಆದರೆ ಕೆಲಸವಿಲ್ಲ: ಹೊಸೂರಿನ ಎರಡು ಹಿಂಜರಿತಗಳು

ಬೆಂಗಳೂರಿನಿಂದ ಸುಮಾರು 40 ಕಿ.ಮೀ. ದೂರದಲ್ಲಿ, ಅತ್ತಿಬೆಲೆ ದಾಟಿದ ಕೂಡಲೇ ಸಿಗುವ ಊರು ಹೊಸೂರು. ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಯ ಈ ಊರಿನ ಬಗ್ಗೆ ನಮ್ಮವರು ಬರೆದದ್ದು ಕಡಿಮೆ. ಮನೆ ಬಿಟ್ಟು ದುಡಿಯಲು ಹೋದ ಬ್ಯಾರಿಗಳ ಕಥೆ ಎಂದರೆ ದುಬೈ, ದಮಾಮ್, ಮುಂಬೈಗಳ ಕಥೆಯೇ ಹೆಚ್ಚು. ಐಟಿಐ ಅಥವಾ ಡಿಪ್ಲೊಮಾ ಮುಗಿಸಿ, ಒಂದು ಬ್ಯಾಗು ಮತ್ತು ಸರ್ಟಿಫಿಕೇಟುಗಳ ಫೈಲು ಹಿಡಿದು ಹೊಸೂರಿನ ಬಸ್ಸು ಹತ್ತಿದ ಹುಡುಗರ ಕಥೆಯನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ.

ಕಳೆದ 20 ವರ್ಷಗಳಲ್ಲಿ ಈ ಊರು ಎರಡು ಸಲ ದೊಡ್ಡ ಆರ್ಥಿಕ ಹಿಂಜರಿತ ಕಂಡಿದೆ. ಮೊದಲನೆಯದು 2008-09ರಲ್ಲಿ, ಎರಡನೆಯದು 2019-20ರಲ್ಲಿ. ಎರಡು ಸಲವೂ ಪತ್ರಿಕೆಗಳಲ್ಲಿ ಬಂದ ಮುಖ್ಯ ಸುದ್ದಿ ಕಾರ್ಖಾನೆಗಳು ಇಷ್ಟು ದಿನ ಉತ್ಪಾದನೆ ನಿಲ್ಲಿಸಿದವು ಎಂಬುದು. ಆ ಸುದ್ದಿ ಓದಿದವರಿಗೆ ಕೆಲಸಗಾರರಿಗೆ ನಾಲ್ಕು ದಿನ ರಜೆ ಸಿಕ್ಕಿದಂತೆ ಕಂಡಿರಬಹುದು. ಆದರೆ ಆ ರಜೆಯ ಲೆಕ್ಕಕ್ಕೇ ಬಾರದ ಸಾವಿರಾರು ಹುಡುಗರು ಅಲ್ಲಿದ್ದರು. ಅವರನ್ನು ಯಾರೂ ಕೆಲಸದಿಂದ ತೆಗೆಯಲಿಲ್ಲ. ನಾಳೆಯಿಂದ ಬರುವುದು ಬೇಡ, ಬೇಕಾದಾಗ ಫೋನ್ ಮಾಡುತ್ತೇವೆ ಎಂದರು, ಅಷ್ಟೆ. ಈ ಲೇಖನ ಅವರ ಬಗ್ಗೆ.

ಹಳೆಯ ನಂಟು

ಹೊಸೂರು ನಮಗೆ ಪರಕೀಯ ಊರೇನಲ್ಲ. ಮೂರನೇ ಮೈಸೂರು ಯುದ್ಧದ ನಂತರ 1792ರ ಶ್ರೀರಂಗಪಟ್ಟಣ ಒಪ್ಪಂದದಲ್ಲಿ ಟಿಪ್ಪು ಸುಲ್ತಾನರು ಕೃಷ್ಣಗಿರಿ ಸೇರಿದ ಬಾರಾಮಹಲ್ ಪ್ರದೇಶವನ್ನು ಕಂಪನಿಗೆ ಬಿಟ್ಟುಕೊಡಬೇಕಾಯಿತು. 1799ರಲ್ಲಿ ಟಿಪ್ಪು ಹುತಾತ್ಮರಾದ ಮೇಲೆ ಹೊಸೂರು ಭಾಗವೂ, ಇತ್ತ ನಮ್ಮ ಕರಾವಳಿಯೂ ಕಂಪನಿಯ ಕೈ ಸೇರಿದವು. ಬಾರಾಮಹಲ್‌ನಲ್ಲಿ ಕಂದಾಯದ ಕೆಲಸ ಕಲಿತ ಥಾಮಸ್ ಮನ್ರೋ ಎಂಬ ಅಧಿಕಾರಿಯೇ 1799ರಲ್ಲಿ ಕೆನರಾದ ಮೊದಲ ಕಲೆಕ್ಟರ್ ಆಗಿ ನಮ್ಮ ಕಡೆಗೆ ಬಂದದ್ದು. ಅಂದಿನಿಂದ 1956ರ ನವೆಂಬರ್ 1ರವರೆಗೆ ಮಂಗಳೂರು, ಹೊಸೂರು ಎರಡೂ ಮದ್ರಾಸಿನ ಆಡಳಿತದಲ್ಲೇ ಇದ್ದವು. ಭಾಷಾವಾರು ವಿಂಗಡಣೆಯಾದಾಗ ದಕ್ಷಿಣ ಕನ್ನಡ ಮೈಸೂರು ರಾಜ್ಯಕ್ಕೆ ಬಂತು, ಕಾಸರಗೋಡು ಕೇರಳಕ್ಕೆ ಹೋಯಿತು, ಹೊಸೂರು ಮದ್ರಾಸಿನಲ್ಲೇ ಉಳಿಯಿತು. ಕನ್ನಡ, ತೆಲುಗು ಮಾತನಾಡುವ ಮನೆಗಳು ಇಂದಿಗೂ ಅಲ್ಲಿ ಬಹಳ ಇವೆ. ಬ್ಯಾರಿ ಬಾಸೆ, ತುಳು, ಕನ್ನಡ, ಮಲಯಾಳ ಎಲ್ಲವನ್ನೂ ಕಿವಿಯಲ್ಲಿ ಇಟ್ಟುಕೊಂಡು ಬೆಳೆದ ನಮ್ಮ ಹುಡುಗರಿಗೆ ಅಲ್ಲಿ ತಮಿಳು ಕಲಿಯಲು ಆರು ತಿಂಗಳು ಬೇಕಾಗುವುದಿಲ್ಲ.

ಕಾರ್ಖಾನೆಗಳು ಬಂದ ಬಗೆ

ಹೊಸೂರು ಆಗ ಧರ್ಮಪುರಿ ಜಿಲ್ಲೆಯಲ್ಲಿತ್ತು. ಕೃಷ್ಣಗಿರಿ ಬೇರೆ ಜಿಲ್ಲೆಯಾದದ್ದು 2004ರಲ್ಲಿ. ಮಳೆ ಕಡಿಮೆ, ರಾಗಿ ಬೆಳೆಯುವ ಹಿಂದುಳಿದ ಸೀಮೆ. 1970ರ ದಶಕದಲ್ಲಿ ತಮಿಳುನಾಡು ಸರಕಾರದ ಸಿಪ್ಕಾಟ್ ಸಂಸ್ಥೆ ಅಲ್ಲಿ ಕೈಗಾರಿಕಾ ಪ್ರದೇಶ ಮಾಡಿತು. ಜಾಗ ಅಗ್ಗ, ರಿಯಾಯಿತಿ ಉಂಟು, ಬೆಂಗಳೂರು ಹತ್ತಿರ, ಹೆದ್ದಾರಿ ಬಾಗಿಲಲ್ಲೇ. 1980ರಲ್ಲಿ ಅಶೋಕ್ ಲೇಲ್ಯಾಂಡ್ ತನ್ನ ಎರಡನೇ ಲಾರಿ ಕಾರ್ಖಾನೆಯನ್ನು ಅಲ್ಲಿ ತೆರೆಯಿತು. ಅದೇ ವರ್ಷ ಟಿವಿಎಸ್ 50 ಮೊಪೆಡ್ ಹೊಸೂರಿನಿಂದ ಹೊರಬಂತು. 1984ರಲ್ಲಿ ಟಾಟಾ ಮತ್ತು ತಮಿಳುನಾಡಿನ ಟಿಡ್ಕೊ ಸೇರಿ ಕಟ್ಟಿದ ಟೈಟಾನ್ ಕಂಪನಿಯ ಗಡಿಯಾರ ಕಾರ್ಖಾನೆಯೂ ಅಲ್ಲಿಗೇ ಬಂತು.

ಒಂದು ಲಾರಿ ಅಥವಾ ಬೈಕ್ ಪೂರ್ತಿಯಾಗಿ ಒಂದೇ ಕಾರ್ಖಾನೆಯಲ್ಲಿ ಆಗುವುದಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ದೊಡ್ಡ ಕಂಪನಿ ಬಿಡಿಭಾಗಗಳನ್ನು ಜೋಡಿಸುತ್ತದೆ. ಅದಕ್ಕೆ ಬ್ರೇಕ್, ಗೇರು, ಆಕ್ಸಲ್ ಕೊಡುವ ಮಧ್ಯಮ ಕಂಪನಿಗಳು ಬೇರೆ. ಆ ಕಂಪನಿಗಳಿಗೆ ಟರ್ನಿಂಗ್, ಡ್ರಿಲ್ಲಿಂಗ್, ಗ್ರೈಂಡಿಂಗ್ ಮಾಡಿಕೊಡುವ ಸಣ್ಣ ಶೆಡ್ಡುಗಳು ಇನ್ನೂ ಬೇರೆ. ನಾಲ್ಕು ಮೆಷಿನ್ನು, ಎಂಟು ಹುಡುಗರು, ಪೀಸಿಗೆ ಇಷ್ಟು ರೂಪಾಯಿ ಎಂದು ಜಾಬ್ ವರ್ಕ್. ಮೇಲಿನ ಕಂಪನಿ ವಾರಕ್ಕೆ ಬೇಕಾದಷ್ಟೇ ಮಾಲು ತರಿಸಿಕೊಳ್ಳುತ್ತದೆ, ದಾಸ್ತಾನು ಇಡುವುದಿಲ್ಲ. ಆದ್ದರಿಂದ ಮೇಲೆ ಒಂದು ದಿನ ನಿಂತರೆ ಕೆಳಗಿನ ಶೆಡ್ಡಿಗೆ ಆರ್ಡರೇ ಇರುವುದಿಲ್ಲ. ಶೆಡ್ಡಿನ ಬಾಡಿಗೆ ಮತ್ತು ಮೆಷಿನ್ನಿನ ಬ್ಯಾಂಕ್ ಕಂತು ಮಾತ್ರ ನಿಲ್ಲುವುದಿಲ್ಲ.

ನಮ್ಮ ಹುಡುಗರು ಹೆಚ್ಚಾಗಿ ಸೇರಿದ್ದು ಈ ಮಧ್ಯದ ಮತ್ತು ಕೆಳಗಿನ ಕಡೆ. ದೊಡ್ಡ ಕಂಪನಿಗೆ ಹೋದವರೂ ಬಹುತೇಕ ಟ್ರೈನಿ, ಅಪ್ರೆಂಟಿಸ್ ಅಥವಾ ಕಂಟ್ರಾಕ್ಟಿನವರಾಗಿಯೇ ಒಳಹೊಕ್ಕರು.

ಕಾನೂನಿನ ಬೇಲಿ

ಆರ್ಡರ್ ಇಲ್ಲದೆ ಕಾರ್ಖಾನೆ ನಿಂತರೆ ಕಾರ್ಮಿಕನಿಗೆ ಏನು ಸಿಗಬೇಕು ಎಂದು 1947ರ ಕೈಗಾರಿಕಾ ವಿವಾದ ಕಾಯ್ದೆ ಹೇಳಿತ್ತು. 50 ಅಥವಾ ಹೆಚ್ಚು ಕೆಲಸಗಾರರಿರುವ ಕಾರ್ಖಾನೆಯಲ್ಲಿ ಒಂದು ವರ್ಷ ಸತತ ಕೆಲಸ ಮಾಡಿ ಹಾಜರಿ ಪುಸ್ತಕದಲ್ಲಿ ಹೆಸರಿದ್ದವನಿಗೆ ಲೇ-ಆಫ್ ದಿನಗಳಲ್ಲಿ ಮೂಲ ವೇತನ ಮತ್ತು ತುಟ್ಟಿಭತ್ಯೆಯ ಅರ್ಧದಷ್ಟು ಪರಿಹಾರ ಕೊಡಬೇಕು. 100 ಅಥವಾ ಹೆಚ್ಚು ಕಾರ್ಮಿಕರಿದ್ದರೆ ಸರಕಾರದ ಅನುಮತಿ ಇಲ್ಲದೆ ಅವರನ್ನು ತೆಗೆಯುವಂತಿರಲಿಲ್ಲ. 2020ರಲ್ಲಿ ಸಂಸತ್ತು ಒಪ್ಪಿದ ಕೈಗಾರಿಕಾ ಸಂಬಂಧ ಸಂಹಿತೆ ಈ 100ರ ಮಿತಿಯನ್ನು 300ಕ್ಕೆ ಏರಿಸಿತು.

ಆದರೆ ಬದಲಿ ಕೆಲಸಗಾರ ಮತ್ತು ಕ್ಯಾಶುವಲ್ ಕೆಲಸಗಾರನಿಗೆ ಆ ಲೇ-ಆಫ್ ಪರಿಹಾರ ಇಲ್ಲ ಎಂದು ಕಾಯ್ದೆಯಲ್ಲೇ ಬರೆದಿತ್ತು. 1961ರ ಅಪ್ರೆಂಟಿಸ್ ಕಾಯ್ದೆಯ ಪ್ರಕಾರ ಅಪ್ರೆಂಟಿಸ್ ಕಾರ್ಮಿಕನೇ ಅಲ್ಲ, ಕಲಿಯುವವನು. ಕಂಟ್ರಾಕ್ಟ್ ಕೆಲಸಗಾರನ ಸಂಬಳವನ್ನು ಗುತ್ತಿಗೆದಾರ ಕೊಡದಿದ್ದರೆ ಕಂಪನಿ ಕೊಡಬೇಕು ಎಂದು 1970ರ ಕಾಯ್ದೆ ಹೇಳುತ್ತಿತ್ತು ನಿಜ. ಆದರೆ ಮುಂದಿನ ತಿಂಗಳು ಇಷ್ಟು ಜನ ಸಾಕು ಎಂದು ಕಂಪನಿ ಗುತ್ತಿಗೆದಾರನಿಗೆ ಹೇಳಿದರೆ ಅದನ್ನು ತಡೆಯುವವರಿಲ್ಲ. ಹೀಗೆ ಒಂದೇ ಲೈನಿನಲ್ಲಿ, ಒಂದೇ ಬಣ್ಣದ ಶರ್ಟು ಹಾಕಿ, ಒಂದೇ ಬೋಲ್ಟು ಬಿಗಿಯುವ ಇಬ್ಬರಲ್ಲಿ ಒಬ್ಬನಿಗೆ ಹಿಂಜರಿತ ಎಂದರೆ ಅರ್ಧ ಸಂಬಳ, ಇನ್ನೊಬ್ಬನಿಗೆ ಊರಿಗೆ ಹೋಗುವ ಬಸ್ಸು.

2008: ಎರಡು ಬಾಗಿಲು ಒಟ್ಟಿಗೆ ಮುಚ್ಚಿದ ವರ್ಷ

2008ರ ಸೆಪ್ಟೆಂಬರ್ 15ರಂದು ಅಮೆರಿಕದ ಲೇಮನ್ ಬ್ರದರ್ಸ್ ಬ್ಯಾಂಕ್ ದಿವಾಳಿಯಾಯಿತು. ಎಲ್ಲಿಯ ನ್ಯೂಯಾರ್ಕ್, ಎಲ್ಲಿಯ ಹೊಸೂರು? ಆದರೆ ನಮ್ಮಲ್ಲಿ ಲಾರಿ ಮಾರಾಟವಾಗುವುದು ಸಾಲದ ಮೇಲೆ. ಬ್ಯಾಂಕುಗಳು, ಫೈನಾನ್ಸ್ ಕಂಪನಿಗಳು ಕೈ ಹಿಡಿದ ಕೂಡಲೇ ಲಾರಿ ಕೊಳ್ಳುವವರು ನಿಂತರು. ಆ ವರ್ಷದ ಕೊನೆಯ ತಿಂಗಳುಗಳಲ್ಲಿ ಅಶೋಕ್ ಲೇಲ್ಯಾಂಡ್ ವಾರಕ್ಕೆ ಮೂರೇ ದಿನ ಕೆಲಸ ಎಂದು ಇಳಿಸಿತು. ತಮಿಳುನಾಡಿನಲ್ಲಿ ಆಗಲೇ ವಿದ್ಯುತ್ ಕೊರತೆ ಸುರುವಾಗಿತ್ತು. ಆರ್ಡರ್ ಇದ್ದ ಸಣ್ಣ ಶೆಡ್ಡಿನವರಿಗೆ ಕರೆಂಟ್ ಇರಲಿಲ್ಲ, ಕರೆಂಟ್ ಇದ್ದಾಗ ಆರ್ಡರ್ ಇರಲಿಲ್ಲ.

ನಮ್ಮ ಮನೆಗಳಿಗೆ ಇದು ಇನ್ನೊಂದು ರೀತಿಯಲ್ಲೂ ಹೊಡೆಯಿತು. ಇಲ್ಲಿ ಕೆಲಸ ಇಲ್ಲದಿದ್ದರೆ ಗಲ್ಫ್‌ಗೆ ಹೋಗುವುದು ಎಂಬುದು ನಮ್ಮ ಹಳೆಯ ಲೆಕ್ಕ. ಅದೇ ಹೊತ್ತಿಗೆ ದುಬೈಯಲ್ಲಿ ಕಟ್ಟಡದ ಕೆಲಸಗಳು ನಿಂತವು. 2009ರ ನವೆಂಬರಿನಲ್ಲಿ ದುಬೈ ವರ್ಲ್ಡ್ ಕಂಪನಿ ಸಾಲ ತೀರಿಸಲು ಸಮಯ ಕೇಳಿತು. ವೀಸಾ ಬರುತ್ತದೆ ಎಂದು ಕಾಯುತ್ತಿದ್ದ ತಮ್ಮ, ವೀಸಾ ಮುಗಿಸಿ ಮರಳಿದ ಅಣ್ಣ ಇಬ್ಬರೂ ಒಂದೇ ಚಾವಡಿಯಲ್ಲಿ ಕೂತ ವರ್ಷ ಅದು.

ನಾನು ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿದ್ದು 2009ರಲ್ಲಿ. ಹೊಸೂರಿನಲ್ಲಿ ಗೇಟಿನಿಂದ ಗೇಟಿಗೆ ಬಯೋಡೇಟಾ ಕೊಟ್ಟು ಬಂದೆ. ಕೆಲವು ಕಡೆ ಸೆಕ್ಯುರಿಟಿಯವರೇ ಒಂದು ರಟ್ಟಿನ ಪೆಟ್ಟಿಗೆ ಇಟ್ಟಿದ್ದರು, ಅದರಲ್ಲಿ ಹಾಕಿ ಹೋಗಿ ಎನ್ನುತ್ತಿದ್ದರು. ನಾಲ್ಕು ತಿಂಗಳ ನಂತರ ಒಂದು ಬಿಡಿಭಾಗ ಕಂಪನಿಯಲ್ಲಿ ಟ್ರೈನಿ ಎಂದು ಸೇರಿಸಿಕೊಂಡರು. ಕೊಟ್ಟ ಪತ್ರದಲ್ಲಿ ಸಂಬಳ ಎಂಬ ಶಬ್ದವೇ ಇರಲಿಲ್ಲ, ಸ್ಟೈಪೆಂಡ್ ಎಂದಿತ್ತು. ಆ ಶಬ್ದದ ಬೆಲೆ ಎಷ್ಟೆಂದು ನಮಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಸರಕಾರ 2008ರ ಡಿಸೆಂಬರಿನಲ್ಲಿ ಅಬಕಾರಿ ಸುಂಕವನ್ನು ಶೇ. 4ರಷ್ಟು ಇಳಿಸಿತು. ನಗರಗಳಿಗೆ ಬಸ್ಸು ಕೊಳ್ಳಲು ಜೆನರ್ಮ್ ಯೋಜನೆಯಲ್ಲಿ ಹಣ ಕೊಟ್ಟಿತು. ಬಸ್ಸಿನ ಆರ್ಡರುಗಳು ಬಂದವು, ಬ್ಯಾಂಕುಗಳು ಮತ್ತೆ ಸಾಲ ಕೊಟ್ಟವು, ಕಾರ್ಖಾನೆಗಳು ಚೇತರಿಸಿಕೊಂಡವು. ಆದರೆ ಆ ನಡುವೆ ಊರಿಗೆ ಮರಳಿದವರಲ್ಲಿ ಎಲ್ಲರೂ ಮತ್ತೆ ಬರಲಿಲ್ಲ. ಕೆಲವರು ಮೀನಿನ ಲೈನಿಗೆ ಹೋದರು, ಕೆಲವರು ಆಟೋ ಓಡಿಸಿದರು. ಕಲಿತ ವಿದ್ಯೆ ಫೈಲಿನಲ್ಲೇ ಉಳಿಯಿತು.

ಅಂಗಡಿಯ ಪುಸ್ತಕ

ಹಿಂಜರಿತ ಬಂದದ್ದನ್ನು ಪತ್ರಿಕೆಗಿಂತ ಮೊದಲು ತಿಳಿಯುವವರು ಜೀನಸಿನ ಅಂಗಡಿಯವರು. ನನ್ನ ತಂದೆಯ ಅಂಗಡಿ ಹೊಸೂರಿನಲ್ಲಿ, ಹುಡುಗರು ರೂಮು ಮಾಡಿಕೊಂಡಿರುವ ಬೀದಿಯಲ್ಲಿತ್ತು. ಬರೆಸಿ ಕೊಂಡುಹೋಗುವವರಿಗೆ ಒಂದೊಂದು ಚಿಕ್ಕ ಪುಸ್ತಕ. ಮೊದಲು ಓಟಿ ನಿಲ್ಲುತ್ತದೆ, ಆಗ ಬಿಸ್ಕತ್ತು, ಮೊಟ್ಟೆ, ಮೊಬೈಲ್ ರೀಚಾರ್ಜ್ ಕಡಿಮೆಯಾಗುತ್ತದೆ. ಆಮೇಲೆ ಅಕ್ಕಿ ಐದು ಕಿಲೋದಿಂದ ಎರಡು ಕಿಲೋಗೆ ಇಳಿಯುತ್ತದೆ. ಕೊನೆಗೆ ಒಂದು ದಿನ ಪುಸ್ತಕದವನೇ ಬರುವುದಿಲ್ಲ, ರೂಮಿಗೆ ಬೀಗ ಬಿದ್ದಿರುತ್ತದೆ. ತಂದೆ ಅಂಥ ಪುಸ್ತಕಗಳನ್ನು ಹರಿಯುತ್ತಿರಲಿಲ್ಲ. ಕೆಲವರು ವರ್ಷ ಕಳೆದ ಮೇಲೆ ಬಂದು ಬಾಕಿ ಕೊಟ್ಟು ಹೋದದ್ದೂ ಉಂಟು. ಕಂಪನಿಯ ಲೆಕ್ಕದಲ್ಲಿ ಅವರು ಕೆಲಸ ಕಳೆದುಕೊಂಡವರಲ್ಲ. ಅಂಗಡಿಯ ಲೆಕ್ಕದಲ್ಲಿ ಅವರ ಹೆಸರು ಉಳಿಯಿತು.

2019: ಮತ್ತೆ ಅದೇ ದಾರಿ

ಎರಡನೇ ಸಲ ಕಾರಣಗಳು ಊರಿನೊಳಗಿನವೇ. 2018ರ ಜುಲೈಯಲ್ಲಿ ಕೇಂದ್ರ ಸರಕಾರ ಲಾರಿಗಳು ಹೊರಬಹುದಾದ ಭಾರವನ್ನು ಏರಿಸಿತು. ಮೂರು ಆಕ್ಸಲ್‌ನ ಲಾರಿಯ ಒಟ್ಟು ತೂಕದ ಮಿತಿ 25 ಟನ್‌ನಿಂದ 28.5 ಟನ್‌ಗೆ ಏರಿತು. ಇದ್ದ ಲಾರಿಯಲ್ಲೇ ಹೆಚ್ಚು ಮಾಲು ಹೋಗುವಾಗ ಹೊಸ ಲಾರಿ ಯಾರಿಗೆ ಬೇಕು? ಅದೇ ಸೆಪ್ಟೆಂಬರಿನಲ್ಲಿ ಐಎಲ್ ಆಂಡ್ ಎಫ್‌ಎಸ್ ಸಂಸ್ಥೆ ಸಾಲ ತೀರಿಸಲಾಗದೆ ಕುಸಿಯಿತು, ಫೈನಾನ್ಸ್ ಕಂಪನಿಗಳಿಗೆ ಹಣ ಹುಟ್ಟದಾಯಿತು. ಹೊಸ ಬೈಕಿಗೆ ಐದು ವರ್ಷದ, ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ ಒಟ್ಟಿಗೆ ಕಟ್ಟಬೇಕೆಂಬ ನಿಯಮವೂ ಆಗಲೇ ಬಂತು. ಜೊತೆಗೆ, 2020ರ ಏಪ್ರಿಲ್ 1ರಿಂದ ಬಿಎಸ್-6 ವಾಹನ ಮಾತ್ರ ಮಾರಬೇಕೆಂದು ಸುಪ್ರೀಂ ಕೋರ್ಟ್ ಹೇಳಿತ್ತು, ಜನ ಕಾದು ನೋಡೋಣ ಎಂದರು.

2019ರ ಆಗಸ್ಟಿನಲ್ಲಿ ದೇಶದ ಪ್ರಯಾಣಿಕ ವಾಹನಗಳ ಮಾರಾಟ ಹಿಂದಿನ ವರ್ಷದ ಅದೇ ತಿಂಗಳಿಗಿಂತ ಶೇ. 31.57ರಷ್ಟು ಬಿತ್ತು. ಮಧ್ಯಮ ಮತ್ತು ಭಾರಿ ಲಾರಿಗಳ ಮಾರಾಟ ಅರ್ಧಕ್ಕಿಂತಲೂ ಕೆಳಗೆ ಹೋಯಿತು. ಸೆಪ್ಟೆಂಬರಿನಲ್ಲಿ ಅಶೋಕ್ ಲೇಲ್ಯಾಂಡ್ ಕೆಲಸವಿಲ್ಲದ ದಿನಗಳನ್ನು ಘೋಷಿಸಿತು: ಎನ್ನೋರಿನಲ್ಲಿ 16, ಹೊಸೂರಿನಲ್ಲಿ 5, ಆಳ್ವಾರ್ ಮತ್ತು ಭಂಡಾರಾದಲ್ಲಿ 10, ಪಂತನಗರದಲ್ಲಿ 18 ದಿನ. ಹೊಸೂರಿಗೆ ಐದೇ ದಿನವಲ್ಲವೇ ಎಂದು ಅನಿಸಬಹುದು. ಆದರೆ ಹೊಸೂರಿನ ಬಿಡಿಭಾಗ ಕಂಪನಿ ಎನ್ನೋರಿಗೂ ಪಂತನಗರಕ್ಕೂ ಮಾಲು ಕಳುಹಿಸುತ್ತಿದ್ದರೆ ಅದಕ್ಕೆ ಎಲ್ಲ ಕಡೆಯ ರಜೆಯೂ ಲೆಕ್ಕವೇ. ಅದಕ್ಕೆ ಕೆಲಸ ಮಾಡಿಕೊಡುವ ಶೆಡ್ಡಿಗೆ ಇನ್ನೂ ಹೆಚ್ಚು.

ಸೆಪ್ಟೆಂಬರ್ 20ರಂದು ಕೇಂದ್ರ ಸರಕಾರ ಕಂಪನಿಗಳ ತೆರಿಗೆಯನ್ನು ಶೇ. 30ರಿಂದ 22ಕ್ಕೆ ಇಳಿಸಿತು. ಅದೇ ದಿನ ಗೋವಾದಲ್ಲಿ ಸೇರಿದ ಜಿಎಸ್‌ಟಿ ಮಂಡಳಿ ಇಂಜಿನಿಯರಿಂಗ್ ಜಾಬ್ ವರ್ಕ್ ಮೇಲಿನ ತೆರಿಗೆಯನ್ನು ಶೇ. 18ರಿಂದ 12ಕ್ಕೆ ತಂದಿತು. ಮಾಲೀಕರಿಗೆ ಅದರಿಂದ ಉಸಿರು ಬಂದಿರಬಹುದು. ಟ್ರೈನಿ ಹುಡುಗನ ಕೈಗೆ ಅದರಲ್ಲಿ ಏನೂ ಬರಲಿಲ್ಲ. ಆರು ತಿಂಗಳು ಕಳೆಯುತ್ತಲೇ, 2020ರ ಮಾರ್ಚ್ 25ರಿಂದ, ಲಾಕ್‌ಡೌನ್ ಸುರುವಾಯಿತು.

ಆಮೇಲೆ ಹೊಸೂರು, ಕೃಷ್ಣಗಿರಿ ಎದ್ದು ನಿಂತದ್ದು ಬೇರೆ ರೂಪದಲ್ಲಿ. ಏಥರ್ ಸ್ಕೂಟರ್ ಕಾರ್ಖಾನೆ 2021ರಲ್ಲಿ ಹೊಸೂರಿಗೆ ಬಂತು. ಪೋಚಂಪಳ್ಳಿಯ ಓಲಾ ಸ್ಕೂಟರ್ ಕಾರ್ಖಾನೆ ಪೂರ್ತಿ ಮಹಿಳೆಯರಿಂದಲೇ ನಡೆಯುತ್ತದೆ ಎಂದು ಕಂಪನಿ ಅದೇ ವರ್ಷ ಘೋಷಿಸಿತು. ಟಾಟಾ ಎಲೆಕ್ಟ್ರಾನಿಕ್ಸ್‌ನ ಮೊಬೈಲ್ ಬಿಡಿಭಾಗದ ಕಾರ್ಖಾನೆಯಲ್ಲೂ ಹೆಣ್ಣುಮಕ್ಕಳೇ ಹೆಚ್ಚು. ವಿದ್ಯುತ್ ಸ್ಕೂಟರಿನಲ್ಲಿ ಪಿಸ್ಟನ್ ಇಲ್ಲ, ಕ್ರ್ಯಾಂಕ್‌ಶಾಫ್ಟ್ ಇಲ್ಲ, ಗೇರ್‌ಬಾಕ್ಸಿನ ಕೆಲಸವೂ ಬಹಳ ಕಡಿಮೆ. ಅವನ್ನೇ ಕೊರೆದು ಬದುಕುತ್ತಿದ್ದ ಶೆಡ್ಡುಗಳ ಹುಡುಗರು ಹೊಸ ಕೆಲಸ ಕಲಿಯದೆ ಉಪಾಯವಿಲ್ಲ.

ಉಮ್ಮನ ಬೀಡಿ ಕಾರ್ಡು

ಇನ್ನು ನಮ್ಮೂರಿಗೆ ಬರುತ್ತೇನೆ. ಯಾರನ್ನೂ ತೆಗೆಯದೆ ಕೆಲಸ ಇಲ್ಲವಾಗಿಸುವ ಈ ವಿದ್ಯೆ ನಮ್ಮ ಮನೆಗಳಿಗೆ ಹೊಸತೇ? ನಮ್ಮ ಉಮ್ಮಂದಿರು, ಅಜ್ಜಿಯಂದಿರು ಬೀಡಿ ಕಟ್ಟಿ ಮನೆ ನಡೆಸಿದವರು. ಬ್ರ್ಯಾಂಚಿನಿಂದ ಎಲೆ, ಹೊಗೆಸೊಪ್ಪು ತರುವುದು, ಕಟ್ಟಿ ಕೊಡುವುದು. ವ್ಯಾಪಾರ ಇಳಿದಾಗ ಬ್ರ್ಯಾಂಚಿನವರು ಯಾರನ್ನೂ ಬಿಡಿಸುತ್ತಿರಲಿಲ್ಲ. ಈ ವಾರ ಎಲೆ ಕಡಿಮೆ ಎನ್ನುತ್ತಿದ್ದರು, ಅಷ್ಟೆ. 2017ರಲ್ಲಿ ಬೀಡಿಗೆ ಶೇ. 28 ಜಿಎಸ್‌ಟಿ ಬಿದ್ದಾಗಲೂ ಅದೇ ಮಾತು ಕೇಳಿದ್ದೇವೆ. ಹೊಸೂರಿನ ಗುತ್ತಿಗೆದಾರ ಬೇಕಾದಾಗ ಫೋನ್ ಮಾಡುತ್ತೇನೆ ಎಂದದ್ದಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ.

ಆದರೆ ಬೀಡಿಯ ಕಥೆ ಅಲ್ಲಿಗೇ ನಿಲ್ಲಲಿಲ್ಲ. ಮನೆಯಲ್ಲಿ ಕೂತು ಕಟ್ಟುವವರು ನಮ್ಮ ಕೆಲಸಗಾರರಲ್ಲ, ಅವರು ಗುತ್ತಿಗೆದಾರನಿಗೆ ಸೇರಿದವರು ಎಂಬುದು ಬೀಡಿ ಮಾಲೀಕರ ವಾದವಾಗಿತ್ತು. 1966ರಲ್ಲಿ ಸಂಸತ್ತು ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಮಾಡಿತು. ಮನೆಯಲ್ಲಿ ಕಟ್ಟುವವಳೂ ಕಾರ್ಮಿಕಳೇ, ನಡುವೆ ಗುತ್ತಿಗೆದಾರ ಇದ್ದರೂ ಜವಾಬ್ದಾರಿ ಮಾಲೀಕನದೇ ಎಂದು ಅದು ಹೇಳಿತು. ಮಾಲೀಕರು ಕೋರ್ಟಿಗೆ ಹೋದರು. ಆ ಮೊಕದ್ದಮೆಯ ಹೆಸರಿನಲ್ಲೇ ನಮ್ಮೂರು ಇದೆ: ಮಂಗಳೂರು ಗಣೇಶ ಬೀಡಿ ವರ್ಕ್ಸ್ ಮತ್ತು ಭಾರತ ಸರಕಾರ. 1974ರಲ್ಲಿ ಸುಪ್ರೀಂ ಕೋರ್ಟ್ ಕಾಯ್ದೆಯನ್ನು ಎತ್ತಿಹಿಡಿಯಿತು. 1977ರಲ್ಲಿ ಭವಿಷ್ಯ ನಿಧಿ ಬೀಡಿ ಉದ್ಯಮಕ್ಕೂ ಬಂತು. ಮನೆಯಲ್ಲಿ ಕಟ್ಟುವವರಿಗೂ ಅದು ಸಲ್ಲುತ್ತದೆ ಎಂದು ಸುಪ್ರೀಂ ಕೋರ್ಟ್ 1985ರಲ್ಲಿ ಹೇಳಿತು. ನಮ್ಮಲ್ಲಿ ಎಷ್ಟೋ ಮನೆಗಳಿಗೆ ಹಂಚು ಹಾಕಿದ್ದು, ಎಷ್ಟೋ ಹೆಣ್ಣುಮಕ್ಕಳ ಮದುವೆ ನಡೆದದ್ದು ಆ ಪಿಎಫ್ ಹಣದಿಂದ.

ಅಕ್ಷರ ಬಾರದ ಉಮ್ಮನಿಗೆ ಪಿಎಫ್ ಇತ್ತು, ಬೋನಸ್ ಇತ್ತು, ತನ್ನ ಮಾಲೀಕ ಯಾರು ಎಂದು ಹೇಳುವ ಒಂದು ಕಾರ್ಡು ಇತ್ತು. ಡಿಪ್ಲೊಮಾ ಓದಿದ ಮಗನ ಕೈಯಲ್ಲಿ ಇರುವುದು ಸ್ಟೈಪೆಂಡ್ ಪತ್ರ. ಉಮ್ಮನ ಹಕ್ಕು ತಾನಾಗಿ ಬಂದದ್ದಲ್ಲ. ಯೂನಿಯನ್ ಕಟ್ಟಿದವರು, ಕೋರ್ಟಿಗೆ ಅಲೆದವರು, ಕಡಿಮೆ ತೂಕದ ಎಲೆ ಕೊಟ್ಟಾಗ ಬ್ರ್ಯಾಂಚಿನ ಮುಂದೆ ನಿಂತು ಜಗಳವಾಡಿದ ಹೆಂಗಸರು ತಂದುಕೊಟ್ಟದ್ದು.

ಮುಂದಿನ ಸಲಕ್ಕೆ

ಮುಂದೆಯೂ ಹಿಂಜರಿತ ಬರುತ್ತದೆ, ವರ್ಷ ಯಾವುದೆಂದು ಯಾರಿಗೂ ತಿಳಿಯದು. ಮಗನನ್ನು ಅಥವಾ ಮಗಳನ್ನು ಹೊಸೂರಿಗೆ ಕಳುಹಿಸುವ ಮನೆಯವರು ಸಂಬಳ ಎಷ್ಟು, ಹಾಸ್ಟೆಲ್ ಉಂಟಾ ಎಂದು ಕೇಳುತ್ತಾರೆ. ಅದರ ಜೊತೆಗೆ ನಾಲ್ಕು ಪ್ರಶ್ನೆ ಕೇಳಬೇಕು. ನೇಮಕದ ಪತ್ರ ಕೊಟ್ಟವರು ಕಂಪನಿಯೋ ಗುತ್ತಿಗೆದಾರನೋ? ಅದರಲ್ಲಿ ಟ್ರೈನಿ, ಅಪ್ರೆಂಟಿಸ್, ನಿಗದಿತ ಅವಧಿಯ ನೌಕರ ಇವುಗಳಲ್ಲಿ ಯಾವ ಶಬ್ದ ಇದೆ? ಪಿಎಫ್‌ನ ಯುಎಎನ್ ನಂಬ್ರ ಬಂದಿದೆಯೇ? ಇಎಸ್‌ಐ ನಂಬ್ರ ಬಂದಿದೆಯೇ? ಇಎಸ್‌ಐ ಇದ್ದವರು ಕೆಲಸ ಕಳೆದುಕೊಂಡರೆ ನಿಬಂಧನೆಗಳಿಗೆ ಒಳಪಟ್ಟು 90 ದಿನದವರೆಗೆ ಪರಿಹಾರ ಕೊಡುವ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ 2018ರಲ್ಲಿ ಬಂತು. ಸುರುವಿನಲ್ಲಿ ಸರಾಸರಿ ವೇತನದ ಕಾಲು ಭಾಗ ಇದ್ದದ್ದನ್ನು 2020ರಲ್ಲಿ ಅರ್ಧಕ್ಕೆ ಏರಿಸಿದರು. ಈಗಿನ ನಿಯಮವನ್ನು ಇಎಸ್‌ಐ ಕಚೇರಿಯಲ್ಲೇ ಕೇಳಿ ತಿಳಿಯಬೇಕು. ನಮ್ಮ ಹುಡುಗರಲ್ಲಿ ಅದರ ಹೆಸರು ಕೇಳಿದವರೇ ವಿರಳ.

ಜಮಾಅತ್‌ಗಳು, ಸಂಘಟನೆಗಳು ಸ್ಕಾಲರ್‌ಶಿಪ್ ಕೊಡುತ್ತವೆ, ಗಲ್ಫ್‌ನಿಂದ ಮರಳಿದವರಿಗೆ ಶಿಬಿರ ಮಾಡುತ್ತವೆ. ಒಳ್ಳೆಯ ಕೆಲಸ. ಹೊಸೂರು, ಬೆಂಗಳೂರಿನ ಕಾರ್ಖಾನೆಗಳಿಗೆ ಹೋಗುವ ಹುಡುಗರಿಗೆ ಒಂದು ಭಾನುವಾರ ಈ ಪತ್ರಗಳನ್ನು ಓದಲು ಕಲಿಸಿದರೆ ಅದಕ್ಕೆ ಹೆಚ್ಚು ಖರ್ಚಿಲ್ಲ. ಪಾಠ ಹೇಳಲು ದೂರದಿಂದ ಯಾರನ್ನೂ ಕರೆಸಬೇಕಾಗಿಯೂ ಇಲ್ಲ. ಬೀಡಿ ಬ್ರ್ಯಾಂಚಿನಲ್ಲಿ ಲೆಕ್ಕ ನೋಡಿದವರು, ಯೂನಿಯನ್‌ನಲ್ಲಿ ಓಡಾಡಿದವರು ಪ್ರತಿ ಊರಲ್ಲೂ ಇನ್ನೂ ಇದ್ದಾರೆ.

ಮನೆಯಲ್ಲಿ ಹುಡುಕಿದರೆ ಉಮ್ಮನ ಹಳೆಯ ಬೀಡಿ ಕಾರ್ಡು ಎಲ್ಲಾದರೂ ಸಿಕ್ಕೀತು. ಅದನ್ನು ಮಗನ ಟ್ರೈನಿ ಪತ್ರದ ಪಕ್ಕದಲ್ಲಿಟ್ಟು ಎರಡನ್ನೂ ಓದಿ ನೋಡಿ.